ಗುಳೆ ಊರಿನಿಂದ ವಿಶ್ವವಿದ್ಯಾಲಯಕ್ಕೆ: ತಾಳಿಕೊಂಡು ನಿಲ್ಲುವ ಶಕ್ತಿ ಎಲ್ಲಿಂದ ಬರುತ್ತದೆ?

ಯಾದಗಿರಿ, ರಾಯಚೂರು, ಕಲಬುರಗಿ, ವಿಜಯಪುರ ಜಿಲ್ಲೆಗಳ ಹಳ್ಳಿ ಮತ್ತು ತಾಂಡಾಗಳಿಂದ ಪ್ರತಿ ವರ್ಷ ಎರಡು ಬಗೆಯ ವಲಸೆ ನಡೆಯುತ್ತದೆ. ಹೊಲದ ಕೆಲಸ ಮುಗಿದ ಮೇಲೆ ಬೆಂಗಳೂರು, ಪುಣೆ, ಮುಂಬೈ, ಗೋವಾ, ಹೈದರಾಬಾದ್‌ಗಳ ಕಟ್ಟಡ ಕೆಲಸಕ್ಕೆ, ಕಬ್ಬು ಕಡಿಯುವ ಕೆಲಸಕ್ಕೆ ಗುಳೆ ಹೋಗುವ ಕುಟುಂಬಗಳದ್ದು ಒಂದು. ಪಿಯುಸಿ ಪಾಸು ಮಾಡಿ ಪದವಿಗೋ ಎಂಜಿನಿಯರಿಂಗಿಗೋ, ಪದವಿ ಮುಗಿಸಿ ಎಂ.ಎ.ಗೋ ಎಂ.ಎಸ್ಸಿ.ಗೋ ಬೆಂಗಳೂರು, ಮೈಸೂರು, ಧಾರವಾಡ, ಮಂಗಳೂರಿನ ಬಸ್ಸು ಹತ್ತುವ ಮಕ್ಕಳದ್ದು ಇನ್ನೊಂದು. ಎಷ್ಟೋ ಸಲ ಈ ಎರಡೂ ವಲಸೆ ಒಂದೇ ಮನೆಯಿಂದ ಹೊರಟಿರುತ್ತವೆ. ತಂದೆತಾಯಿ ಯಾವುದೋ ಬಡಾವಣೆಯ ಅರ್ಧ ಎದ್ದ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿದ್ದರೆ, ಮಗಳು ಅದೇ ನಗರದ ಇನ್ನೊಂದು ಮೂಲೆಯಲ್ಲಿ ಹಾಸ್ಟೆಲಿನ ಆಯ್ಕೆ ಪಟ್ಟಿಗಾಗಿ ಕಾಯುತ್ತಿರುತ್ತಾಳೆ. ಮೊದಲನೆಯ ವಲಸೆಯ ಬಗ್ಗೆ ವರದಿ, ಸಮೀಕ್ಷೆ, ಅಧಿವೇಶನದ ಪ್ರಶ್ನೋತ್ತರ ಎಲ್ಲವೂ ಇವೆ. ಎರಡನೆಯದರ ಬಗ್ಗೆ ನಮ್ಮ ಚರ್ಚೆ ಸಾಮಾನ್ಯವಾಗಿ ಸೀಟು ಸಿಕ್ಕ ದಿನಕ್ಕೇ ನಿಂತುಬಿಡುತ್ತದೆ.

ಸೀಟು ಸಿಗುವಂತೆ ಮಾಡಲು ರಾಜ್ಯ ಸಾಕಷ್ಟು ಪ್ರಯತ್ನ ಪಟ್ಟಿದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಅಂದಿನ ಗುಲ್ಬರ್ಗ ವಿಭಾಗವೊಂದರಲ್ಲೇ ಇದ್ದವು. ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ಬಂದ 371ಜೆ ವಿಧಿಯ ಬಲದಿಂದ ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ಆ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8ರಷ್ಟು ಸೀಟುಗಳು ಮೀಸಲಾದವು. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ, 2009ರಲ್ಲಿ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, 2010ರಲ್ಲಿ ಬಳ್ಳಾರಿಯ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಆರಂಭವಾದವು. ಇವೆಲ್ಲ ಬಾಗಿಲು ತೆರೆಯುವ ಕ್ರಮಗಳು. ಒಳಗೆ ಬಂದವರು ಉಳಿದರೇ, ಉಳಿಯಲು ಏನು ಬೇಕಾಯಿತು ಎಂಬ ಪ್ರಶ್ನೆಗೆ ನಮ್ಮಲ್ಲಿ ಸಿಗುವ ಸಿದ್ಧ ಉತ್ತರ ಒಂದೇ: ‘ಹುಡುಗ ಗಟ್ಟಿಗ, ಅದಕ್ಕೇ ದಡ ಸೇರಿದ.’ ಹಾಗೆ ಹೇಳುವಾಗ ದಡ ಸೇರದವರು ಗಟ್ಟಿಗರಲ್ಲ ಎಂದೂ ನಾವು ಹೇಳಿಬಿಟ್ಟಿರುತ್ತೇವೆ. ಈ ಲೇಖನದ ತಕರಾರು ಇರುವುದು ಅಲ್ಲಿಯೇ.

ಮನಶ್ಶಾಸ್ತ್ರದಲ್ಲಿ ರೆಸಿಲಿಯನ್ಸ್ ಎಂದು ಕರೆಯುವ, ಕಷ್ಟಕ್ಕೆ ಸಿಕ್ಕಿಯೂ ಪುಟಿದೇಳುವ ಶಕ್ತಿಯ ಅಧ್ಯಯನಕ್ಕೆ ಅಡಿಪಾಯ ಹಾಕಿದ ಸಂಶೋಧನೆಗಳಲ್ಲಿ ಹವಾಯಿಯ ಕವಾಯ್ ದ್ವೀಪದಲ್ಲಿ ನಡೆದದ್ದು ಮುಖ್ಯವಾದುದು. ಅಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರುತ್ ಸ್ಮಿತ್ ದಶಕಗಳ ಕಾಲ ಹಿಂಬಾಲಿಸಿ ನೋಡಿದರು. ಕಬ್ಬಿನ ತೋಟಗಳಲ್ಲಿ ದುಡಿಯಲು ಏಷ್ಯಾದ ಹಲವು ಕಡೆಗಳಿಂದ ವಲಸೆ ಬಂದ ಮನೆತನಗಳ ಮಕ್ಕಳೂ ಅವರಲ್ಲಿದ್ದರು. ಬಡತನ, ಮನೆಯ ಜಗಳ, ತಂದೆತಾಯಿಯ ಕಾಯಿಲೆ ಹೀಗೆ ಹಲವು ತೊಂದರೆಗಳು ಒಟ್ಟಿಗೇ ಮುತ್ತಿದ್ದ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗ ಓದಿ, ಕೆಲಸ ಹಿಡಿದು, ಸಂಸಾರ ಕಟ್ಟಿಕೊಂಡು ನೆಮ್ಮದಿಯ ವಯಸ್ಕರಾದರು. ಇವರನ್ನು ಉಳಿದವರಿಂದ ಬೇರೆ ಮಾಡಿದ್ದು ಸ್ವಭಾವ ಮಾತ್ರವಲ್ಲ. ಅಜ್ಜಿಯೋ, ಅಕ್ಕನೋ, ಶಿಕ್ಷಕರೋ, ನೆರೆಯವರೋ, ಅಂತೂ ನೆಚ್ಚಿಕೊಳ್ಳಬಹುದಾದ ಒಬ್ಬ ಹಿರಿಯ ಜೀವ ಅವರ ಬದುಕಿನಲ್ಲಿ ಇತ್ತು. ಮುಂದೆ ಆ್ಯನ್ ಮಾಸ್ಟನ್ ಎಂಬ ಮನಶ್ಶಾಸ್ತ್ರಜ್ಞೆ, ಈ ಶಕ್ತಿ ಅಪರೂಪದ ವೀರರ ಸ್ವತ್ತಲ್ಲ, ಮನೆ, ಶಾಲೆ, ಸ್ನೇಹ, ನಂಬಿಕೆಗಳಂಥ ಸಾಧಾರಣ ಆಸರೆಗಳು ತಮ್ಮ ಕೆಲಸ ಮಾಡಿದಾಗ ಎಲ್ಲ ಮಕ್ಕಳಲ್ಲೂ ಮೂಡುವಂಥದ್ದು ಎಂದು ವಾದಿಸಿದರು. ಕೆನಡಾದ ಮೈಕೆಲ್ ಉಂಗರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ತನಗೆ ಬೇಕಾದ ನೆರವಿನ ಬಳಿ ದಾರಿ ಹುಡುಕಿಕೊಂಡು ಹೋಗುವುದು, ಆ ನೆರವು ತನಗೆ ಒಗ್ಗುವ ರೀತಿಯಲ್ಲಿ ಸಿಗುವಂತೆ ಹೊಂದಿಸಿಕೊಳ್ಳುವುದು, ಇವೆರಡೂ ಸೇರಿಯೇ ಪುಟಿದೇಳುವ ಶಕ್ತಿ ಎಂಬುದು ಅವರ ನಿಲುವು. ದಾರಿ ಹುಡುಕುವುದು ವಿದ್ಯಾರ್ಥಿಯ ಕೆಲಸವಾದರೆ, ಹುಡುಕಿಕೊಂಡು ಬಂದವರಿಗೆ ಅಲ್ಲಿ ಏನಾದರೂ ಇರುವಂತೆ ನೋಡಿಕೊಳ್ಳುವುದು ಸಂಸ್ಥೆಯ ಕೆಲಸ.

ದಾರಿ ಹುಡುಕುವ ವಿಷಯದಲ್ಲಿ ಗುಳೆ ಕುಟುಂಬಗಳ ಮಕ್ಕಳಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಲಿಂಗಸುಗೂರು ಕಡೆಯ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ಅವಳ ಅಪ್ಪ ಅವ್ವ ಆರು ತಿಂಗಳು ಬೆಂಗಳೂರಿನಲ್ಲಿ ಇರುವಾಗ ಅವಳು ಅಜ್ಜಿಯ ಜೊತೆ ಇದ್ದು ತಮ್ಮನನ್ನು ಶಾಲೆಗೆ ಕಳಿಸಿದ್ದಾಳೆ, ರೇಷನ್ ತಂದಿದ್ದಾಳೆ, ಮೇಸ್ತ್ರಿ ಕೊಟ್ಟ ಮುಂಗಡದ ಲೆಕ್ಕವನ್ನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದಾಳೆ, ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕಾಗಿ ನಾಡಕಚೇರಿಗೆ ತಾನೇ ಅಲೆದಿದ್ದಾಳೆ. ಹದಿನೆಂಟರ ಹೊತ್ತಿಗೆ ಅವಳು ಒಂದು ಮನೆಯನ್ನು ನಡೆಸಿದವಳು. ಅಪರಿಚಿತರ ಜೊತೆ ವ್ಯವಹರಿಸುವುದು, ಕಡಿಮೆ ದುಡ್ಡಿನಲ್ಲಿ ತಿಂಗಳು ದೂಡುವುದು, ಇವತ್ತಿನ ಕಷ್ಟ ನಾಳೆಗೆ ಮುಗಿಯುತ್ತದೆಂಬ ಅಂದಾಜಿನಲ್ಲಿ ತಾಳಿಕೊಳ್ಳುವುದು ಅವಳಿಗೆ ಗೊತ್ತು. ನಗರದ ಅನುಕೂಲಸ್ಥ ಮನೆಯಿಂದ ಬಂದ ಅವಳ ಸಹಪಾಠಿಗೆ ಇವುಗಳಲ್ಲಿ ಒಂದೂ ಬರದಿರಬಹುದು. ಆದರೂ ಮೊದಲ ಸೆಮಿಸ್ಟರಿನಲ್ಲಿ ಕಂಗೆಡುವವಳು ಇವಳೇ. ವಿಶ್ವವಿದ್ಯಾಲಯದಲ್ಲಿ ಲೆಕ್ಕಕ್ಕೆ ಬರುವುದು ಬೇರೆಯೇ ತಿಳಿವಳಿಕೆ ಎಂಬುದು ಅದಕ್ಕೆ ಕಾರಣ. ಇಂಟರ್ನಲ್ ಅಂಕ ಹೇಗೆ ಬರುತ್ತದೆ, ಅಧ್ಯಾಪಕರ ಕೊಠಡಿಗೆ ಪ್ರಶ್ನೆ ಹಿಡಿದುಕೊಂಡು ಹೋಗಬಹುದೇ, ಹಾಜರಾತಿ ಕಡಿಮೆಯಾದರೆ ಯಾರಿಗೆ ಅರ್ಜಿ ಕೊಡಬೇಕು, ಗ್ರಂಥಾಲಯದಲ್ಲಿ ಕಾರ್ಡಿಲ್ಲದೆ ಕೂತು ಓದಲು ಬಿಡುತ್ತಾರೆಯೇ ಎಂಬ ಸಣ್ಣ ಸಂಗತಿಗಳನ್ನು ಅಣ್ಣನೋ ಅಪ್ಪನೋ ಪದವಿ ಓದಿದ ಮನೆಗಳಲ್ಲಿ ಊಟದ ಹೊತ್ತಿನ ಮಾತಿನಲ್ಲೇ ಮಕ್ಕಳು ಕಲಿತಿರುತ್ತಾರೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವಳು ಅದನ್ನೆಲ್ಲ ತಪ್ಪು ಮಾಡಿಯೇ ಕಲಿಯಬೇಕು, ಮತ್ತು ಒಂದೊಂದು ತಪ್ಪಿಗೂ ಅವಳು ತೆರುವ ದಂಡ ದೊಡ್ಡದು.

ಹಣದ ಮಾತು ಇಲ್ಲಿ ಬಿಡಿಸಿ ಹೇಳಬೇಕಾದದ್ದು. ಹಿಂದುಳಿದ ವರ್ಗಗಳ ಕಲ್ಯಾಣ (ಬಿಸಿಎಂ) ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿಗೆ ಅರ್ಜಿ ಹಾಕಿದ ವಿದ್ಯಾರ್ಥಿಗೆ ತರಗತಿ ಆರಂಭವಾಗುವ ದಿನವೇ ಹಾಸಿಗೆ ಸಿಗುವುದಿಲ್ಲ. ಪ್ರವೇಶದ ರಸೀದಿ ಇದ್ದರೆ ಮಾತ್ರ ಅರ್ಜಿ, ಅರ್ಜಿಯ ಮೇಲೆ ಪರಿಶೀಲನೆ, ಆಮೇಲೆ ಆಯ್ಕೆ ಪಟ್ಟಿ. ನಡುವೆ ವಾರಗಳು ಉರುಳುತ್ತವೆ. ಅಷ್ಟು ದಿನ ಊರಿನವರ ಕೋಣೆಯಲ್ಲಿ ಇಬ್ಬರ ಜಾಗದಲ್ಲಿ ಐದನೆಯವನಾಗಿ ಮಲಗಬೇಕು, ಇಲ್ಲವೇ ಪಿ.ಜಿ.ಗೆ ಮುಂಗಡ ಕಟ್ಟಬೇಕು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆಂದು ಬಂದ ವಿದ್ಯಾಸಿರಿ ಯೋಜನೆಯಲ್ಲಿ ಆರಂಭಕ್ಕೆ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳಿಗೆ 15,000 ರೂಪಾಯಿ ನಿಗದಿಯಾಗಿತ್ತು. ಬೆಂಗಳೂರಿನಲ್ಲಿ ಊಟ ಮತ್ತು ವಸತಿಗೆ ಆ ಮೊತ್ತ ಎಲ್ಲಿಗೆ ಸಾಲುತ್ತದೆ ಎಂಬುದನ್ನು ನಗರದಲ್ಲಿ ಬಾಡಿಗೆಗೆ ಇದ್ದವರೆಲ್ಲ ಬಲ್ಲರು. ಶುಲ್ಕ ಮರುಪಾವತಿ ಮತ್ತು ವಿದ್ಯಾರ್ಥಿವೇತನಗಳು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ ಮೂಲಕ ಬರುತ್ತವೆ. ಆಧಾರ್‌ನಲ್ಲಿರುವ ಹೆಸರಿಗೂ ಅಂಕಪಟ್ಟಿಯಲ್ಲಿರುವ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದಿದ್ದರೆ ಹಣ ಅಲ್ಲೇ ನಿಲ್ಲುತ್ತದೆ. ಅದನ್ನು ಸರಿಪಡಿಸಲು ಖಾತೆ ತೆರೆದ ಊರಿನ ಬ್ಯಾಂಕಿಗೇ ಹೋಗಬೇಕಾದಾಗ ಎರಡು ದಿನದ ಪಾಠ, ಬಸ್ ಚಾರ್ಜು, ಕೆಲವೊಮ್ಮೆ ಒಂದು ಇಂಟರ್ನಲ್ ಪರೀಕ್ಷೆ ಕೈತಪ್ಪುತ್ತದೆ. ಮನೋಬಲ ಎಂದು ನಾವು ಹೊಗಳುವ ವಸ್ತುವಿನ ಬಹುಪಾಲು ಹೀಗೆ ಸರತಿ ಸಾಲುಗಳಲ್ಲಿ, ಲಾಗಿನ್ ಆಗದ ಪುಟಗಳ ಎದುರಿನಲ್ಲಿ ಖರ್ಚಾಗಿ ಹೋಗುತ್ತದೆ. ಓದಿಗೆ ಉಳಿಯುವುದು ಮಿಕ್ಕಿದ್ದು.

ಹಣ ಸಕಾಲಕ್ಕೆ ಸಿಗದಿದ್ದರೆ ಪ್ರತಿಭೆಯೂ ಛಲವೂ ಎಲ್ಲಿ ಬಂದು ನಿಲ್ಲುತ್ತವೆ ಎಂಬುದನ್ನು 2024ರ ಒಂದು ಪ್ರಕರಣ ದೇಶಕ್ಕೇ ತೋರಿಸಿತು. ಉತ್ತರ ಪ್ರದೇಶದ ಮುಜಫ್ಫರ್‌ನಗರ ಜಿಲ್ಲೆಯ ದಿನಗೂಲಿ ಕಾರ್ಮಿಕರೊಬ್ಬರ ಮಗನಿಗೆ ಧನಬಾದಿನ ಐಐಟಿಯಲ್ಲಿ ಸೀಟು ಸಿಕ್ಕಿತ್ತು. ಸೀಟು ಕಾಯ್ದಿರಿಸಲು ಕಟ್ಟಬೇಕಾಗಿದ್ದ 17,500 ರೂಪಾಯಿಯನ್ನು ಕುಟುಂಬ ಕೊನೆಯ ಗಳಿಗೆಯಲ್ಲಿ ಹೊಂದಿಸಿತಾದರೂ ಗಡುವಿನೊಳಗೆ ಪಾವತಿ ಪೂರ್ಣಗೊಳ್ಳದೆ ಸೀಟು ಕೈಬಿಟ್ಟುಹೋಯಿತು. ಸುಪ್ರೀಂ ಕೋರ್ಟ್ ಸೆಪ್ಟೆಂಬರ್ 30ರಂದು ಸಂವಿಧಾನದ 142ನೇ ವಿಧಿಯ ವಿಶೇಷಾಧಿಕಾರ ಬಳಸಿ ಅವನಿಗೆ ಪ್ರವೇಶ ಕೊಡಿಸಿತು. ಆ ಹುಡುಗ ತೋರಿದ ಛಲವನ್ನು ಎಲ್ಲರೂ ಮೆಚ್ಚಿದರು, ಮೆಚ್ಚಬೇಕಾದದ್ದೇ. ಆದರೆ 17,500 ರೂಪಾಯಿಯ ಗಡುವಿಗೆ ದೇಶದ ಅತ್ಯುನ್ನತ ನ್ಯಾಯಾಲಯದ ಮೆಟ್ಟಿಲು ಹತ್ತುವ ಮಟ್ಟದ ಛಲ ಬೇಕಾಯಿತೆಂದರೆ, ಅದು ಗಡುವನ್ನು ರೂಪಿಸಿದ ವ್ಯವಸ್ಥೆಯ ವಿಚಾರವೇ ಹೊರತು ಹುಡುಗನ ಸ್ವಭಾವದ ವಿಚಾರವಲ್ಲ.

ಭಾಷೆಯ ತೊಡಕು ಇನ್ನೊಂದು ಬಗೆಯದು. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯವರೆಗೆ ಓದಿ, ಪಿಯುಸಿ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಹೇಗೋ ದಾಟಿ ಬಂದವರಿಗೆ ಪದವಿಯ ತರಗತಿಯಲ್ಲಿ ಪಾಠ ಅರ್ಥವಾಗುವುದಕ್ಕೂ ಅರ್ಥವಾಯಿತೆಂದು ಬಾಯಿಬಿಟ್ಟು ಹೇಳುವುದಕ್ಕೂ ಬಹಳ ದೂರ. ಇದರ ಮೇಲೆ ಮಾತಿನ ಧಾಟಿಯ ಪ್ರಶ್ನೆ. ‘ಹೌದ್ರಿ ಸರ’ ಎಂದು ಉತ್ತರಿಸಿದ ಹುಡುಗನ ಧಾಟಿಯನ್ನು ಹಿಂದಿನ ಬೆಂಚಿನವರು ಅನುಕರಿಸಿ ನಕ್ಕರೆ, ಆ ಹುಡುಗ ಮುಂದಿನ ಎರಡು ತಿಂಗಳು ತರಗತಿಯಲ್ಲಿ ಬಾಯಿ ತೆರೆಯದೆ ಇರಬಹುದು. ಕನ್ನಡ ನಾಡಿನ ಒಳಗೇ ಕನ್ನಡ ಮಾತಾಡಿದ್ದಕ್ಕೆ ಹೊರಗಿನವನಾಗುವ ಈ ಅನುಭವ ಧಾರವಾಡದಲ್ಲಿ ಕಡಿಮೆ, ಬೆಂಗಳೂರು ಮೈಸೂರುಗಳಲ್ಲಿ ಹೆಚ್ಚು. ನಕ್ಕವರಿಗೆ ಅದು ಮರುದಿನಕ್ಕೆ ಮರೆತುಹೋಗುವ ಸಂಗತಿ. ತಾನು ಈ ಜಾಗಕ್ಕೆ ಸೇರಿದವನೇ ಎಂಬ ಅನುಮಾನವನ್ನು ಮೊದಲ ದಿನದಿಂದಲೂ ಒಳಗಿಟ್ಟುಕೊಂಡವನಿಗೆ ಮಾತ್ರ ಅದು ಸಾಕ್ಷಿಯಾಗಿ ಉಳಿಯುತ್ತದೆ.

ಈ ಅನುಮಾನವನ್ನೇ ಹಿಡಿದು ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೋಹೆನ್ ಎಂಬ ಅಮೆರಿಕದ ಸಂಶೋಧಕರು ಮಾಡಿದ ಪ್ರಯೋಗವೊಂದು 2011ರಲ್ಲಿ ಪ್ರಕಟವಾಯಿತು. ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಹಿರಿಯ ವಿದ್ಯಾರ್ಥಿಗಳ ಅನುಭವಗಳನ್ನು ಓದಲು ಕೊಟ್ಟರು. ಆರಂಭದಲ್ಲಿ ಎಲ್ಲರಿಗೂ ಪರಕೀಯತೆ ಕಾಡುತ್ತದೆ, ಕಾಲ ಕಳೆದಂತೆ ಅದು ಕರಗುತ್ತದೆ ಎಂಬುದು ಆ ಬರಹಗಳ ಸಾರ. ಬಳಿಕ ಅದೇ ವಿಷಯವನ್ನು ತಮ್ಮದೇ ಮಾತಿನಲ್ಲಿ, ಮುಂದೆ ಬರುವ ಕಿರಿಯರಿಗಾಗಿ ಬರೆಯಲು ಹೇಳಿದರು. ಒಟ್ಟು ಒಂದು ಗಂಟೆಯ ಚಟುವಟಿಕೆ. ಆಮೇಲಿನ ಮೂರು ವರ್ಷಗಳಲ್ಲಿ ಇದರಲ್ಲಿ ಪಾಲ್ಗೊಂಡ ಕಪ್ಪು ವಿದ್ಯಾರ್ಥಿಗಳ ಅಂಕಗಳು ಏರಿ, ಬಿಳಿಯ ವಿದ್ಯಾರ್ಥಿಗಳಿಗೂ ಅವರಿಗೂ ನಡುವಿನ ಅಂತರ ಅರ್ಧಕ್ಕಿಳಿಯಿತು. ಅದು ಶ್ರೀಮಂತ ವಿಶ್ವವಿದ್ಯಾಲಯವೊಂದರಲ್ಲಿ ಸಣ್ಣ ಗುಂಪಿನ ಮೇಲೆ ನಡೆದ ಪ್ರಯೋಗ. ಊಟಕ್ಕೂ ವಸತಿಗೂ ಅಲ್ಲಿ ತತ್ವಾರವಿರಲಿಲ್ಲ. ಅದನ್ನು ಯಥಾವತ್ತಾಗಿ ಕಲಬುರಗಿಗೋ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಗೋ ತಂದರೆ ಅದೇ ಫಲ ಸಿಗುತ್ತದೆ ಎಂದು ನಾನು ಹೇಳಲಾರೆ. ಅದರಿಂದ ತಿಳಿಯುವ ಒಂದು ಸಂಗತಿ ಮಾತ್ರ ನಮಗೆ ನೇರವಾಗಿ ಸಲ್ಲುತ್ತದೆ. ‘ಇದು ನನ್ನೊಬ್ಬನ ಕೊರತೆ’ ಎಂದುಕೊಂಡವನು ಅಧ್ಯಾಪಕರಿಂದ ದೂರ ಸರಿಯುತ್ತಾನೆ, ‘ಇದು ಎಲ್ಲರಿಗೂ ಆಗುವಂಥದ್ದು’ ಎಂದು ತಿಳಿದವನು ಹೋಗಿ ಕೇಳುತ್ತಾನೆ, ಮತ್ತು ಕೇಳಿದವನಿಗೆ ಉತ್ತರ ಸಿಗುತ್ತ ಹೋದಂತೆ ಅವನ ಧೈರ್ಯವೂ ಅಂಕವೂ ಒಂದನ್ನೊಂದು ಬೆಳೆಸುತ್ತವೆ.

ಕಷ್ಟದ ಕಾಲ ಯಾವುದು ಎಂಬುದರ ಬಗ್ಗೆಯೂ ನಮ್ಮ ಸಂಸ್ಥೆಗಳ ಲೆಕ್ಕ ತಪ್ಪಿದೆ. ನಾರ್ವೆಯ ಸಮಾಜಶಾಸ್ತ್ರಜ್ಞ ಸ್ವೆರೆ ಲಿಸ್‌ಗಾರ್ಡ್, ಅಮೆರಿಕದಲ್ಲಿ ಓದಿ ಬಂದ 200 ನಾರ್ವೇಜಿಯನ್ನರನ್ನು ಮಾತಾಡಿಸಿ 1955ರಲ್ಲಿ ಬರೆದ ಪ್ರಬಂಧದಲ್ಲಿ, ಆರು ತಿಂಗಳಿಗಿಂತ ಕಡಿಮೆ ಅಥವಾ ಹದಿನೆಂಟು ತಿಂಗಳಿಗಿಂತ ಹೆಚ್ಚು ಇದ್ದವರು ಚೆನ್ನಾಗಿ ಹೊಂದಿಕೊಂಡಿದ್ದರೆಂದೂ, ನಡುವಿನ ಅವಧಿಯವರು ಹೆಚ್ಚು ಒದ್ದಾಡಿದ್ದರೆಂದೂ ಹೇಳಿದರು. ಆಮೇಲಿನ ಅಧ್ಯಯನಗಳು ಎಲ್ಲರೂ ಇದೇ ಹಾದಿಯಲ್ಲಿ ಸಾಗುವುದಿಲ್ಲ ಎಂದು ತೋರಿಸಿವೆ. ಆದರೂ ಅಧ್ಯಾಪಕರಾಗಿ ಕೆಲಸ ಮಾಡಿದವರಿಗೆ ಅದರಲ್ಲಿ ಒಂದು ಸತ್ಯ ಕಾಣುತ್ತದೆ. ಹೊಸ ಊರಿನ ಉಮೇದು, ಸೀಟು ಸಿಕ್ಕ ಹೆಮ್ಮೆ, ಊರಿನವರ ಅಭಿನಂದನೆ ಮೊದಲ ಕೆಲವು ವಾರಗಳನ್ನು ದಾಟಿಸುತ್ತವೆ. ಮೊದಲ ಸೆಮಿಸ್ಟರಿನ ಫಲಿತಾಂಶ ಬಂದಾಗ, ಊರಿನ ಶಾಲೆಗೇ ಮೊದಲಿಗನಾಗಿದ್ದವನು ಎರಡು ವಿಷಯ ಬಾಕಿ ಉಳಿಸಿಕೊಂಡಾಗ, ವಿದ್ಯಾರ್ಥಿವೇತನ ಇನ್ನೂ ಬಾರದೆ ತಂದ ದುಡ್ಡು ಕರಗಿದಾಗ ನಿಜವಾದ ಪರೀಕ್ಷೆ ಎದುರಾಗುತ್ತದೆ. ಯುಜಿಸಿ ರೂಪಿಸಿದ ‘ದೀಕ್ಷಾರಂಭ’ ಎಂಬ ಪರಿಚಯ ಕಾರ್ಯಕ್ರಮವೂ, ತಾಂತ್ರಿಕ ಶಿಕ್ಷಣದ ಮೇಲುಸ್ತುವಾರಿ ಸಂಸ್ಥೆ ಎಐಸಿಟಿಇಯ ಮೂರು ವಾರಗಳ ಇಂಡಕ್ಷನ್ನೂ ಒಳ್ಳೆಯ ಉದ್ದೇಶದವು. ಅವು ನಡೆಯುವುದು ಮಾತ್ರ ವಿದ್ಯಾರ್ಥಿಗೆ ಅವುಗಳ ಅಗತ್ಯ ಅತಿ ಕಡಿಮೆ ಇರುವ ದಿನಗಳಲ್ಲಿ. ಎರಡನೆಯ ಸೆಮಿಸ್ಟರಿನ ಮೊದಲ ತಿಂಗಳಿನಲ್ಲಿ ಇಂಥದ್ದೊಂದು ವಾರವನ್ನು ಇಟ್ಟುಕೊಂಡ ಕಾಲೇಜು ಅಪರೂಪ.

ಕರ್ನಾಟಕದ ಮಟ್ಟಿಗೆ, ಊರು ಬಿಟ್ಟು ಓದಲು ಬಂದವರಿಗೆ ಆಸರೆ ಒದಗಿಸುವ ವಿಚಾರ ಹೊಸದೇನೂ ಅಲ್ಲ. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದಿದ ವಾರಾನ್ನದ ಹುಡುಗರ ಪೀಳಿಗೆ ನಮ್ಮಲ್ಲಿತ್ತು. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಧಾರವಾಡದ ಮುರುಘಾಮಠದ ಪ್ರಸಾದ ನಿಲಯ, ತುಮಕೂರಿನ ಸಿದ್ಧಗಂಗಾ ಮಠ, ಬೇರೆ ಬೇರೆ ಸಮುದಾಯಗಳು ಬೆಂಗಳೂರು ಮೈಸೂರುಗಳಲ್ಲಿ ಕಟ್ಟಿದ ವಿದ್ಯಾರ್ಥಿ ನಿಲಯಗಳು ಸಾವಿರಾರು ಹಳ್ಳಿ ಮಕ್ಕಳ ಓದನ್ನು ಸಾಧ್ಯವಾಗಿಸಿದವು. ದೇವರಾಜ ಅರಸು ಅವರ ಕಾಲದಲ್ಲಿ ಸರ್ಕಾರಿ ಹಾಸ್ಟೆಲುಗಳು ಹೆಚ್ಚಿ, ಸ್ವಂತ ಮಠವೋ ಸಂಘವೋ ಇಲ್ಲದ ಸಮುದಾಯಗಳ ಮಕ್ಕಳಿಗೂ ದಾರಿಯಾಯಿತು. ಈ ಪರಂಪರೆಯ ಮಿತಿಯನ್ನೂ ಹೇಳಬೇಕು: ವಾರಾನ್ನದ ಮನೆಗಳ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೆ ತೆರೆದಿರಲಿಲ್ಲ, ಸಮುದಾಯದ ಹಾಸ್ಟೆಲುಗಳು ಬಹುಮಟ್ಟಿಗೆ ತಮ್ಮವರಿಗಾಗಿಯೇ ಇದ್ದವು. ಹಾಗಿದ್ದೂ ಅವುಗಳ ಒಂದು ಗುಣವನ್ನು ಇಂದಿನ ಸರ್ಕಾರಿ ವ್ಯವಸ್ಥೆ ಕಳೆದುಕೊಂಡಿದೆ ಎನಿಸುತ್ತದೆ. ಅಲ್ಲಿ ಊಟ ಮೊದಲು, ಕಾಗದಪತ್ರ ಆಮೇಲೆ. ಬಂದ ಹುಡುಗನಿಗೆ ಆ ರಾತ್ರಿಯೇ ತಟ್ಟೆ ಸಿಗುತ್ತಿತ್ತು, ಮತ್ತು ಅವನ ಪಕ್ಕದಲ್ಲಿ ಎರಡು ವರ್ಷ ಹಿಂದೆ ಹಾಗೆಯೇ ಬಂದಿದ್ದ ಹಿರಿಯನೊಬ್ಬ ಕೂತಿರುತ್ತಿದ್ದ.

ಆ ಹಿರಿಯ ವಿದ್ಯಾರ್ಥಿಯ ಪಾತ್ರ ಇಂದಿಗೂ ಎಲ್ಲಕ್ಕಿಂತ ಮುಖ್ಯವಾದುದು. ಹಾಸ್ಟೆಲಿನ ಸೀನಿಯರ್ ಅಕ್ಕ ಹೊಸಬಳನ್ನು ತಾಲ್ಲೂಕು ಬಿಸಿಎಂ ಕಚೇರಿಗೆ ಕರೆದುಕೊಂಡು ಹೋಗಿ ಯಾವ ಟೇಬಲ್ಲಿನಲ್ಲಿ ಯಾವ ಅರ್ಜಿ ಕೊಡಬೇಕೆಂದು ತೋರಿಸುತ್ತಾಳೆ, ಹಿಂದಿನ ಐದು ವರ್ಷದ ಪ್ರಶ್ನೆಪತ್ರಿಕೆಗಳಿರುವ ಜೆರಾಕ್ಸ್ ಅಂಗಡಿಯ ದಾರಿ ಹೇಳುತ್ತಾಳೆ, ‘ಆ ಮೇಡಂ ಬೈತಾರೆ ಖರೆ, ಆದ್ರ ಕೇಳಿದ್ರ ಹೇಳಿಕೊಡ್ತಾರ, ಹೋಗು’ ಎಂದು ಧೈರ್ಯ ತುಂಬುತ್ತಾಳೆ. ಕವಾಯ್ ದ್ವೀಪದ ಮಕ್ಕಳಿಗೆ ದೊರೆತ ಅಜ್ಜಿಯ ಜಾಗದಲ್ಲಿ ಇಲ್ಲಿ ನಿಂತವಳು ಇವಳು. ಮೊರಾರ್ಜಿ ದೇಸಾಯಿ ವಸತಿ ಶಾಲೆ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಲ್ಲಿ ಓದಿ ಬಂದವರು ಹಾಸ್ಟೆಲ್ ಬದುಕಿಗೆ ಬೇಗ ಒಗ್ಗುವುದಕ್ಕೂ ಇದೇ ಕಾರಣವಿರಬೇಕು. ಮನೆಯಿಂದ ದೂರ ಇರುವುದು ಅವರಿಗೆ ಆರನೆಯ ತರಗತಿಯಿಂದಲೇ ರೂಢಿ, ಜೊತೆಗೆ ಅದೇ ಶಾಲೆಯಿಂದ ಮುಂಚೆ ಬಂದವರ ಪರಿಚಯವೂ ಇರುತ್ತದೆ. ಆದರೆ ಸೀನಿಯರ್ ಸಿಗುವುದು ಅದೃಷ್ಟದ ಮೇಲೆ ನಿಂತಿದೆ. ಊರಿನಿಂದ ಮೊದಲ ಬಾರಿಗೆ ಬಂದವರಿಗೆ, ಹಾಸ್ಟೆಲ್ ಸಿಗದೆ ಊರ ಹೊರಗಿನ ಕೋಣೆಯಲ್ಲಿ ಇರುವವರಿಗೆ, ಅಲೆಮಾರಿ ಸಮುದಾಯಗಳ ಮಕ್ಕಳಿಗೆ ಆ ಅದೃಷ್ಟ ಒಲಿಯುವುದಿಲ್ಲ.

ಬೇರೆ ರಾಜ್ಯಗಳಿಂದ ಬೆಂಗಳೂರಿಗೆ ಬರುವ ವಿದ್ಯಾರ್ಥಿಗಳಲ್ಲೂ ಇಂಥ ಬಲೆಯೇ ಕೆಲಸ ಮಾಡುತ್ತದೆ. ಈಶಾನ್ಯ ರಾಜ್ಯಗಳಿಂದ ಬಂದವರಿಗೆ ತಮ್ಮ ತಮ್ಮ ವಿದ್ಯಾರ್ಥಿ ಸಂಘ, ಚರ್ಚು, ಒಟ್ಟಿಗೆ ಅಡುಗೆ ಮಾಡಿಕೊಳ್ಳುವ ಬಾಡಿಗೆ ಮನೆಗಳೇ ಆಸರೆ. 2012ರ ಆಗಸ್ಟ್‌ನಲ್ಲಿ ತಮ್ಮ ಮೇಲೆ ದಾಳಿಯಾಗುತ್ತದೆಂಬ ವದಂತಿಗಳಿಗೆ ಹೆದರಿ ಸಾವಿರಾರು ಮಂದಿ ಬೆಂಗಳೂರು ರೈಲು ನಿಲ್ದಾಣದಿಂದ ಗುವಾಹಟಿಯ ರೈಲು ಹತ್ತಿದಾಗ, ಆ ಬಲೆಯ ಇನ್ನೊಂದು ಮುಖವೂ ಕಂಡಿತು. ಕಷ್ಟದಲ್ಲಿ ಕೈಹಿಡಿಯುತ್ತಿದ್ದ ಅದೇ ಫೋನ್ ಕರೆಗಳು ಅಂದು ಭಯವನ್ನು ಹೊತ್ತು ಹೋದವು. ತಮ್ಮವರ ಆಸರೆಯೊಂದನ್ನೇ ನೆಚ್ಚಿಕೊಳ್ಳಬೇಕಾದವರಿಗೆ, ನಗರದ ಪೊಲೀಸರನ್ನೋ ಕಾಲೇಜನ್ನೋ ಪಕ್ಕದ ಮನೆಯವರನ್ನೋ ನಂಬುವಷ್ಟು ನಂಟು ಬೆಳೆದಿರದಿದ್ದರೆ, ಬಿಕ್ಕಟ್ಟಿನ ದಿನ ಉಳಿಯುವ ದಾರಿ ಊರಿಗೆ ಹೊರಡುವುದೊಂದೇ. ಹೊಂದಿಕೊಳ್ಳುವುದು ವಲಸೆ ಬಂದವರೊಬ್ಬರ ಹೊಣೆಯಲ್ಲ ಎಂಬುದಕ್ಕೆ ಅದು ನಮ್ಮದೇ ನಗರ ಕಂಡ ನಿದರ್ಶನ.

ಇನ್ನು, ತಾಳಿಕೊಂಡು ಗೆದ್ದವರು ತೆರುವ ಬೆಲೆಯ ಬಗ್ಗೆ ನಮ್ಮಲ್ಲಿ ಮಾತೇ ಇಲ್ಲ. ಅಮೆರಿಕದ ಸಾಂಕ್ರಾಮಿಕ ರೋಗಶಾಸ್ತ್ರಜ್ಞ ಶರ್ಮನ್ ಜೇಮ್ಸ್, ಬಡ ಕಪ್ಪು ಜನರಲ್ಲಿ ‘ಎಷ್ಟೇ ಕಷ್ಟವಾಗಲಿ, ದುಡಿದೇ ತೀರುತ್ತೇನೆ’ ಎಂಬ ಹಟ ಹೆಚ್ಚಿದ್ದು ಕೈಯಲ್ಲಿ ಅನುಕೂಲ ಕಡಿಮೆ ಇದ್ದವರಿಗೆ ರಕ್ತದೊತ್ತಡ ಹೆಚ್ಚಿರುವುದನ್ನು 1980ರ ದಶಕದಲ್ಲೇ ಗುರುತಿಸಿದ್ದರು. ಜಾರ್ಜಿಯಾ ರಾಜ್ಯದ ಗ್ರಾಮೀಣ ಭಾಗದ ಕಪ್ಪು ಯುವಜನರ ಮೇಲೆ ಜೀನ್ ಬ್ರಾಡಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನಗಳಲ್ಲಿ, ಬಡತನದಲ್ಲಿ ಬೆಳೆದೂ ಓದಿನಲ್ಲಿ, ನಡವಳಿಕೆಯಲ್ಲಿ ಎಲ್ಲರೂ ಮೆಚ್ಚುವಂತೆ ಇದ್ದವರ ದೇಹದಲ್ಲಿ ಒತ್ತಡದ ಹಾರ್ಮೋನು, ರಕ್ತದೊತ್ತಡ ಮುಂತಾದ ಸವೆತದ ಗುರುತುಗಳು ಹೆಚ್ಚಾಗಿ ಕಂಡವು. ಹೊರಗೆ ಗೆಲುವು, ಒಳಗೆ ಸವೆತ. ನಮ್ಮ ಕ್ಯಾಂಪಸ್ಸುಗಳಲ್ಲಿ ಇಂಥ ಅಳತೆಗಳು ನಡೆದದ್ದು ಕಡಿಮೆಯಾದರೂ, ರಾತ್ರಿ ಪಾಳಿಯಲ್ಲಿ ಡೆಲಿವರಿ ಕೆಲಸ ಮಾಡಿ, ಬೆಳಗಿನ ಲ್ಯಾಬಿಗೆ ಹಾಜರಾಗಿ, ತಿಂಗಳ ಕೊನೆಗೆ ಊರಿಗೂ ಒಂದಿಷ್ಟು ಕಳಿಸುವ ವಿದ್ಯಾರ್ಥಿಯನ್ನು ಸನ್ಮಾನ ವೇದಿಕೆಯ ಮೇಲೆ ಕೂರಿಸುವಾಗ ಆ ಹುಡುಗ ಎಷ್ಟು ಹೊತ್ತು ನಿದ್ದೆ ಮಾಡುತ್ತಾನೆ ಎಂದು ಕೇಳಿಕೊಳ್ಳುವುದು ನ್ಯಾಯ.

ಕಷ್ಟವನ್ನು ಮನೆಗೆ ಹೇಳುವ ದಾರಿಯೂ ಇವರಿಗೆ ಸುಲಭವಿಲ್ಲ. ರಾತ್ರಿ ಶೆಡ್ಡಿನಿಂದ ಅವ್ವ ಫೋನ್ ಮಾಡಿ ‘ಊಟ ಆತೇನವಾ?’ ಎಂದು ಕೇಳಿದರೆ, ಮೆಸ್ ಮುಚ್ಚಿ ಬಿಸ್ಕತ್ತು ತಿಂದು ಮಲಗಿದವಳೂ ‘ಆತು ಬೇ, ಎಲ್ಲಾ ಆರಾಮ ಐತಿ, ನೀ ಚಿಂತಿ ಮಾಡಬ್ಯಾಡ’ ಎನ್ನುತ್ತಾಳೆ. ಆ ಕಡೆಯಿಂದ ಅವ್ವ ತನ್ನ ಬೆನ್ನುನೋವಿನ ವಿಷಯ ಹೇಳಿರುವುದಿಲ್ಲ. ಪ್ರೀತಿಯಿಂದಲೇ ಹುಟ್ಟಿದ ಈ ಮೌನ ಇಬ್ಬರನ್ನೂ ಒಂಟಿಯಾಗಿಸುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಸತ್ತರು. ಇವರಲ್ಲಿ ಎಷ್ಟು ಮಂದಿ ಮನೆಯಿಂದ ದೂರ ಇದ್ದು ಓದುತ್ತಿದ್ದರು ಎಂಬುದು ಆ ಅಂಕಿಯಿಂದ ತಿಳಿಯುವುದಿಲ್ಲ. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಇಂಥ ಸಾವುಗಳು ಮರುಕಳಿಸುತ್ತಿರುವುದನ್ನು ಗಮನಿಸಿ ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ನಿವೃತ್ತ ನ್ಯಾಯಮೂರ್ತಿ ರವೀಂದ್ರ ಭಟ್ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಕಾರ್ಯಪಡೆಯನ್ನು ರಚಿಸಿತು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ, ಕನ್ನಡದಲ್ಲೂ ಮಾತಾಡಬಹುದಾದ ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಪ್ರತಿ ಹಾಸ್ಟೆಲಿನ ಗೋಡೆಯ ಮೇಲೆ ಬರೆಸುವುದಕ್ಕೆ ಯಾವ ಆಯೋಗದ ವರದಿಯೂ ಬೇಕಿಲ್ಲ. ಹಾಗೆಯೇ ಊರಿಗೆ ಹೋಗಿಬರುವುದನ್ನೂ ಓದಿಗೆ ಅಡ್ಡಿ ಎಂದು ನೋಡಬಾರದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದ ವಿದ್ಯಾರ್ಥಿನಿಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿನ ಖರ್ಚಿಲ್ಲದೆ ಹಬ್ಬಕ್ಕೋ ಜಾತ್ರೆಗೋ ಊರಿಗೆ ಹೋಗಿಬರುವುದು ಸಾಧ್ಯವಾಗಿದೆ. ಮನೆಯ ಮುಖ ಆಗಾಗ ಕಂಡು ಬಂದವರಿಗೆ ಹಾಸ್ಟೆಲಿನ ದಿನಗಳು ಹಗುರಾಗುತ್ತವೆ.

ಇಷ್ಟೆಲ್ಲ ಹೇಳಿದ ಮೇಲೆ ವಿಶ್ವವಿದ್ಯಾಲಯಗಳಿಂದ ಕೇಳಬೇಕಾದದ್ದು ಹೆಚ್ಚೇನೂ ಇಲ್ಲ, ಕೇಳುವುದೆಲ್ಲ ಕಾರ್ಯಸಾಧ್ಯವೇ. ಪ್ರವೇಶದ ರಸೀದಿ ಕೈಗೆ ಬಂದ ದಿನದಿಂದ ಆಯ್ಕೆ ಪಟ್ಟಿ ಪ್ರಕಟವಾಗುವವರೆಗೆ ತಾತ್ಕಾಲಿಕವಾಗಿ ಮಲಗಲು ಜಾಗ ಮತ್ತು ಎರಡು ಹೊತ್ತಿನ ಊಟ ಕೊಡುವುದು ಅದರಲ್ಲಿ ಮೊದಲನೆಯದು. ವಿದ್ಯಾರ್ಥಿವೇತನ ಮಂಜೂರಾಗಿಯೂ ಹಣ ಬಾರದ ವಿದ್ಯಾರ್ಥಿಯಿಂದ ಪರೀಕ್ಷಾ ಶುಲ್ಕವನ್ನು ದಂಡವಿಲ್ಲದೆ ತಡವಾಗಿ ಕಟ್ಟಿಸಿಕೊಳ್ಳಬಹುದು. ಹೊಸಬರಿಗೆ ದಾರಿ ತೋರಿಸುವ ಸೀನಿಯರ್‌ಗಳ ಕೆಲಸವನ್ನು ಅವರ ಒಳ್ಳೆಯತನಕ್ಕೆ ಬಿಟ್ಟುಬಿಡದೆ, ಅದನ್ನು ವಹಿಸಿಕೊಂಡವರಿಗೆ ಸಣ್ಣದಾದರೂ ಗೌರವಧನ ಕೊಟ್ಟು, ಊರಿನಿಂದ ಒಬ್ಬರೇ ಬಂದವರನ್ನು ಅವರಿಗೆ ಒಪ್ಪಿಸಬಹುದು. ಬೇರೆ ಏನು ಮಾಡಿದರೂ ಬಿಟ್ಟರೂ, ಓದು ಬಿಟ್ಟು ಹೋಗುವವರ ದಾಖಲೆಯನ್ನು ಸರಿಯಾಗಿ ಇಡಲೇಬೇಕು. ಇಂದು ಎರಡನೆಯ ಸೆಮಿಸ್ಟರಿನಲ್ಲಿ ಬರುವುದನ್ನು ನಿಲ್ಲಿಸಿದ ವಿದ್ಯಾರ್ಥಿ ಹಾಜರಿ ಪುಸ್ತಕದಲ್ಲಿ ಬರೀ ಗೈರುಹಾಜರಿಯಾಗಿ ಉಳಿಯುತ್ತಾನೆ. ಟಿ.ಸಿ. ಕೇಳಲು ಬಂದವನಿಂದ ಗ್ರಂಥಾಲಯದ, ಪ್ರಯೋಗಾಲಯದ, ಹಾಸ್ಟೆಲಿನ ಬಾಕಿ ಇಲ್ಲವೆಂಬ ಸಹಿಗಳನ್ನು ಕೇಳುತ್ತಾರೆಯೇ ಹೊರತು ಏಕೆ ಬಿಡುತ್ತಿದ್ದೀ ಎಂದು ಕೇಳುವವರಿಲ್ಲ. ಆ ಅರ್ಜಿಯ ಮೇಲೆ ಇನ್ನೊಂದು ಸಹಿಯೂ ಬೇಕೆಂದು ನಿಯಮ ಮಾಡಬಹುದು: ವಿದ್ಯಾರ್ಥಿಯೊಂದಿಗೆ ಕೂತು ಮಾತಾಡಿ, ಬಿಡುವ ಕಾರಣವನ್ನು ಬರೆದುಕೊಂಡ ಅಧ್ಯಾಪಕರ ಸಹಿ. ಕಾರಣ ಇನ್ನೂ ಕೈಸೇರದ ವಿದ್ಯಾಸಿರಿ ಹಣವಾಗಿದ್ದರೆ ಅದನ್ನು ಕಾಲೇಜು ನಿಧಿಯಿಂದ ಮುಂಗಡವಾಗಿ ಕೊಟ್ಟು ಆಮೇಲೆ ವಸೂಲಿ ಮಾಡಿಕೊಳ್ಳುವ ಅಧಿಕಾರವನ್ನು ಪ್ರಾಂಶುಪಾಲರಿಗೆ ಕೊಡಬೇಕು. ಕಾರಣ ಬೇರೆಯದಾಗಿದ್ದರೆ, ಅದು ಏನೆಂದು ಸಂಸ್ಥೆಗೆ ಮೊದಲ ಬಾರಿಗೆ ಗೊತ್ತಾಗುತ್ತದೆ.